ಮೀನಿಗೆ ಹಾಕಬೇಕಿದ್ದ ಟೋಪಿ

ಎರೆಹುಳು ಚುಚ್ಚಿದ ಗಾಳವನ್ನು ನೀರಿಗೆ ಬಿಟ್ಟು, ಬೆಂಡು ಮುಳುಗುವ ತನಕ ಆಕಳಿಸುತ್ತಾ ಕೂರುವುದು ನನಗೆ ಬರುತ್ತದೆ. ಆಕಳಿಸುವ ಭಾಗವಂತೂ ಚೆನ್ನಾಗಿಯೇ ಬರುತ್ತದೆ. ಆದರೆ ಗೆಳೆಯನಿಗೆ ಫ್ಲೈ ಫಿಶಿಂಗ್ ಹುಚ್ಚು. ಅದರಲ್ಲಿ ಹುಳು ಇಲ್ಲ. ಕೊಕ್ಕೆಗೆ ಪುಕ್ಕ, ಕೂದಲು, ನೂಲು ಸುತ್ತಿ ನೊಣದ ವೇಷ ಹಾಕಿರುತ್ತಾರೆ. ಈ ಸುಳ್ಳು ನೊಣಕ್ಕೆ ತೂಕವೇ ಇಲ್ಲ, ಸುಮ್ನೆ ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಅದಕ್ಕೇ ದಾರವನ್ನು ದಪ್ಪ, ಭಾರ ಮಾಡಿರುತ್ತಾರೆ. ದಾರವನ್ನು ಚಾಟಿಯ ಹಾಗೆ ಹಿಂದಕ್ಕೆ ಬೀಸಿ, ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಒಂದು ಕ್ಷಣ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು.

'ಹಿಂದಕ್ಕೆ' ಅನ್ನುವ ಮಾತು ನೆನಪಿರಲಿ. ನಾವು ಕೂತಿದ್ದ ಕ್ಯಾನೂ ಅನ್ನುವ ಕಿರಿದಾದ ದೋಣಿ 16 ಅಡಿ ಉದ್ದ, ಅಗಲ 3 ಅಡಿಯೂ ಇಲ್ಲ. ಮುಂದೆ ನಾನು ಗಾಳದ ಕೋಲು ಹಿಡಿದು. ಹಿಂದೆ ಯಾರಿದ್ದರು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

"ಗಡಿಯಾರ ಅಂದ್ಕೋ. ಕೋಲು 10 ಗಂಟೆಯಿಂದ 2 ಗಂಟೆಯ ಮಧ್ಯೆ ಮಾತ್ರ ಆಡ್ಬೇಕು" ಅಂದ. ನಾನು ಉತ್ಸಾಹದಲ್ಲಿ 4 ಗಂಟೆಯವರೆಗೂ ಹೋಗಿಬಂದೆ. ಮುಂದಕ್ಕೆ ಬೀಸುವಾಗ ಕೈಗೆ ಭಾರ ಸಿಕ್ಕಿತು. ಗಾಳ ನೀರು ಮುಟ್ಟುವ ಮೊದಲೇ ಮೀನು! ಅಷ್ಟರಲ್ಲಿ ಗೆಳೆಯನ ಟೋಪಿ ನನ್ನ ತಲೆಯ ಮೇಲಿಂದ ಹಾರಿ, ನೀರಿನ ಮೇಲೆ ಮೆಲ್ಲಗೆ ಇಳಿಯಿತು. ನಿಜ ಹೇಳಬೇಕೆಂದರೆ ಇಡೀ ದಿನದಲ್ಲಿ ಅಷ್ಟು ಚಂದದ ಎಸೆತ ಇನ್ನೊಂದಿಲ್ಲ.

"ಟೋಪಿ ಹಾಕ್ಬೇಕಾಗಿದ್ದು ಮೀನಿಗೆ" ಅಂದ ಅವನು.

ಎರಡನೇ ಸಲ ಟೋಪಿ ಇರಲಿಲ್ಲ, ಕಿವಿ ಇತ್ತು. ತಿರುಗಿ ನೋಡಿದರೆ ಕಂದು ಪುಕ್ಕದ ಆ ನೊಣ ಅವನ ಕಿವಿಯ ಹಾಲೆಯಲ್ಲಿ ಜುಮುಕಿಯ ಹಾಗೆ ತೂಗುತ್ತಿತ್ತು. ಚೆನ್ನಾಗಿ ಒಪ್ಪುತ್ತಿತ್ತು ಕೂಡ, ಆದರೆ ಹೇಳುವ ಸಮಯ ಅದಲ್ಲ. ಹಿಡಿದ ಮೀನನ್ನು ಸಲೀಸಾಗಿ ಬಿಟ್ಟು ಕಳಿಸಬಹುದು ಅಂತ ಬೆಳಿಗ್ಗೆ ಅವನೇ ಇಕ್ಕಳದಲ್ಲಿ ಕೊಕ್ಕೆಯ ಒಳಮುಳ್ಳನ್ನು ಒತ್ತಿ ಮಡಿಸಿದ್ದ. ಮೀನಿಗೆ ತೋರಿಸಿದ ಕರುಣೆ ಅವನ ಕಿವಿಗೇ ಬಂತು. ಹೋದ ದಾರಿಯಲ್ಲೇ ಹಿಂದಕ್ಕೆ ಜಾರಿಸಿದೆ, ಒಂದು ಹನಿ ರಕ್ತ, ನಾಲ್ಕೈದು ಬೈಗುಳ, ಅಷ್ಟೇ. ಆದರೆ ನಾನು ಬಾಗಿದ ಕಡೆಗೇ ಅವನೂ ಕಿವಿ ಕೊಟ್ಟು ವಾಲಿದ್ದ. ಕ್ಯಾನೂ ಇದನ್ನೆಲ್ಲ ಸಹಿಸುವ ದೋಣಿ ಅಲ್ಲ. ಅಂಚು ದಾಟಿ ಬಂದ ನೀರಲ್ಲಿ ಇಬ್ಬರೂ ಸೊಂಟದವರೆಗೆ ನೆನೆದೆವು.

ದಡಕ್ಕೆ ಹೋಗಿ ನೀರು ಚೆಲ್ಲಿ, ಜಾಗ ಬದಲಿಸಿಕೊಂಡೆವು. ಈಗ ಕೋಲು ಅವನದು, ಹುಟ್ಟು ನನ್ನದು. ಎಡಗಡೆ ಹುಟ್ಟು ಹಾಕಿದರೆ ದೋಣಿ ಬಲಕ್ಕೆ ತಿರುಗುತ್ತದೆ ಅನ್ನುವುದು ನನಗೆ ಮೂರು ಸುತ್ತು ಹೊಡೆದ ಮೇಲೆ ಹೊಳೆಯಿತು. ಆ ಸುತ್ತಿನ ಸರಿಯಾಗಿ ನಡುವೆ ಒಂದು ಮೀನು ಚಿಮ್ಮಿ, ನಮ್ಮನ್ನು ನೋಡಿ, ಒಳಗೆ ಹೋಯಿತು. ನೋಡಿತು ಅಂತಲೇ ನನ್ನ ಅನುಮಾನ.

ಗೆಳೆಯ ಕೋಲು ಎತ್ತಿದ. ಬೀಸುವ ಮೊದಲು ಒಮ್ಮೆ ಹಿಂದೆ ತಿರುಗಿ, ನಾನೆಲ್ಲಿ ಕೂತಿದ್ದೇನೆ ಅಂತ ಅಳೆದ ಹಾಗೆ ನೋಡಿ ನಕ್ಕ. ಅವನ ಟೋಪಿ ಇನ್ನೂ ನೀರು ತೊಟ್ಟಿಕ್ಕುತ್ತಾ ನನ್ನ ಕಾಲ ಬಳಿ ಬಿದ್ದಿತ್ತು. ಕೇಳದೆ ಎತ್ತಿಕೊಂಡು, ಎರಡೂ ಕಿವಿ ಮುಚ್ಚುವಷ್ಟು ಕೆಳಕ್ಕೆ ಎಳೆದುಕೊಂಡೆ.