ಹಳೇ ಮಷೀನಿಗೆ ಯಾಕೆ ಬೈತೀರಿ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಸೆಕ್ಯುರಿಟಿ ಆಡಿಟಿಗೆ ಬಂದ ಹುಡುಗ ನನ್ನ ಕಪ್ಪು ಸ್ಕ್ರೀನು, ಹಸಿರು ಅಕ್ಷರ ನೋಡಿ, "ಸರ್, ಇದನ್ನ ಮ್ಯೂಸಿಯಮ್ಮಿಗೆ ಕೊಟ್ಬಿಡಿ" ಅಂದ. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ನಿಮಗೆ ಗೊತ್ತಲ್ಲ, ಇಪ್ಪತ್ತು ವರ್ಷದಿಂದ ನನ್ನ ಅನ್ನ ಎಎಸ್/400 ಅನ್ನೋ ಆಫೀಸ್ ಕಂಪ್ಯೂಟರಿನದ್ದೇ. ಐಬಿಎಂ ಅದನ್ನು ತಂದದ್ದು 1988ರಲ್ಲಿ. ಈಗ ಹೆಸರು ಬದಲಾಗಿದೆ, 24 ಸಾಲು 80 ಕಾಲಮ್ಮಿನ ಸ್ಕ್ರೀನು ಹಾಗೇ ಇದೆ.

ಹುಡುಗನ ರಿಪೋರ್ಟ್ ಏನು? ಪೋರ್ಟ್ 23ರಲ್ಲಿ ಟೆಲ್‌ನೆಟ್ (ದೂರದಿಂದ ಮಷೀನಿಗೆ ಸೈನ್ ಆನ್ ಆಗೋ ಹಳೇ ದಾರಿ) ತೆರೆದಿದೆ, ನೆಟ್‌ವರ್ಕಿನಲ್ಲಿ ಪಾಸ್‌ವರ್ಡ್ ಬಟಾಬಯಲು, ಆದ್ದರಿಂದ ಮಷೀನ್ ಬಿಸಾಕಿ. ಮೊದಲೆರಡು ಮಾತು ನೂರಕ್ಕೆ ನೂರು ನಿಜ. ಹಿಂದೆ ನಮ್ಮ ಮ್ಯಾನೇಜರ್ ಒಬ್ಬರು, "ಇದರ ಅಕ್ಷರಗಳ ಕೋಡ್ ಎಲ್ಲರೂ ಬಳಸೋ ಆಸ್ಕಿ ಅಲ್ಲ, ಐಬಿಎಂನ ಇಬಿಸಿಡಿಕ್. ಕದ್ದರೂ ಯಾರಿಗೂ ಓದೋಕಾಗಲ್ಲ" ಅಂತ ಆರಾಮಾಗಿದ್ದರು. ನೆಟ್‌ವರ್ಕಿನಲ್ಲಿ ಹರಿಯೋದನ್ನ ತೋರಿಸೋ ವೈರ್‌ಶಾರ್ಕ್ ಅನ್ನೋ ಸಾಫ್ಟ್‌ವೇರಿನಲ್ಲಿ ಇಬಿಸಿಡಿಕ್ ಅಂತ ಆರಿಸಿಕೊಂಡರೆ ಮುಗೀತು, ಎಲ್ಲಾ ಕಾಣುತ್ತೆ.

ಆದರೆ ಅದು ಟೆಲ್‌ನೆಟ್ಟಿನ ಕಾಯಿಲೆ ಕಣ್ರೀ, ಮಷೀನಿನದ್ದಲ್ಲ! ಯೂನಿಕ್ಸ್ ಕಂಪ್ಯೂಟರುಗಳಿಗೂ ಇದೇ ಕಾಯಿಲೆ ಇತ್ತು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯ ನೆಟ್‌ವರ್ಕಿನಲ್ಲಿ ಪಾಸ್‌ವರ್ಡ್ ಕದ್ದಿದ್ದಕ್ಕೇ ಅಲ್ಲಿನ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಅನ್ನೋ ಗೂಢಲಿಪಿಯ ಲಾಗಿನ್ ಬರೆದದ್ದು. ಆಗ ಯೂನಿಕ್ಸ್ ಬಿಸಾಕಿದರಾ? ನಮ್ಮಲ್ಲೂ ಪೋರ್ಟ್ 992ರಲ್ಲಿ ಗೂಢಲಿಪಿಯ ಟೆಲ್‌ನೆಟ್ ಎಷ್ಟೋ ವರ್ಷದಿಂದ ಇದೆ. ಸರ್ಟಿಫಿಕೇಟ್ ಹಾಕಿ, 'ಇದು ಮಾತ್ರ ಸಾಕು' ಅಂತ ಒಂದು ಕಮಾಂಡಿನಲ್ಲಿ ಹೇಳಬಹುದು.

"ಕಲಿತವರು ಸಿಗಲ್ಲ ಸರ್" ಅಂತಾರೆ. ಹೂಂ, ನಿಜ. ಯಾರಿಗಾದರೂ ಕಲಿಸಿದ್ದೀರಾ? ಟ್ರೈನಿಂಗಿಗೆ ದುಡ್ಡು ಕೇಳಿದರೆ ಮುಖ ತಿರುಗಿಸ್ತೀರಿ.

ಹಾಗಾದರೆ 23 ಯಾಕೆ ತೆರೆದಿತ್ತು? ನನ್ನಿಂದಲೇ. ಮೂರು ವರ್ಷದ ಹಿಂದೆ ಒಂದು ಶನಿವಾರ ಮುಚ್ಚಿದ್ದೆ. ಹತ್ತೇ ನಿಮಿಷಕ್ಕೆ ಗೋಡೌನಿನಿಂದ ಫೋನು: ಬಾರ್‌ಕೋಡ್ ಗನ್ನು ಒಂದೂ ಸೈನ್ ಆನ್ ಆಗ್ತಿಲ್ಲ, ಲಾರಿ ನಿಂತಿದೆ. ಅವೂ ಟೆಲ್‌ನೆಟ್ಟಿನಲ್ಲೇ ಬರೋದು, ಆ ಹಳೇ ಗನ್ನುಗಳಿಗೆ ಟಿಎಲ್‌ಎಸ್, ಅಂದರೆ 992ರ ಆ ಗೂಢಲಿಪಿ, ಬರೋದಿಲ್ಲ. ಮತ್ತೆ ತೆರೆದೆ. ಡೈರಿಯಲ್ಲಿ 'ಸೋಮವಾರ ನೋಡೋದು' ಅಂತ ಬರೆದುಕೊಂಡೆ. ಆ ಸೋಮವಾರ ಇನ್ನೂ ಬಂದಿಲ್ಲ. ಇದನ್ನ ಮೀಟಿಂಗಿನಲ್ಲಿ ಹೇಳಲಿಲ್ಲ. ಇಲ್ಲಿ ಹೇಳ್ತಿದ್ದೀನಿ.

ಊಟದ ಹೊತ್ತಿಗೆ ಅದೇ ಹುಡುಗ ನನ್ನ ಕುರ್ಚಿಯಲ್ಲಿ ಕೂತು, ಬರೆಯಬಾರದ ಜಾಗದಲ್ಲಿ ಏನೋ ಒತ್ತಿದ. ಕೆಳಗೆ ಎಕ್ಸ್ ಗುರುತು ಬಂತು, ಕೀಬೋರ್ಡ್ ಲಾಕ್. "ಸರ್, ಹ್ಯಾಂಗ್ ಆಯ್ತು!" ಎಡಗಡೆ ಕಂಟ್ರೋಲ್ ಕೀ ಒಂದು ಸಲ ಒತ್ತಿದರೆ ಬಿಡುತ್ತೆ. ನಾನು ಮೊಸರನ್ನ ಮುಗಿಸಿ, ಕೈ ತೊಳೆದುಕೊಂಡು ಬಂದು ಹೇಳಿದೆ.