ಎಂಡೋಸಲ್ಫಾನ್, ಒಪ್ಪಂದ, ಜೈಲು

ಮೊನ್ನೆ ಕಾಸರಗೋಡಿನ ಪೆರ್ಲದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನೆರೆಮನೆಯ ಹುಡುಗ ಕೇಳಿದ: "ಅಕ್ಕ, ನೀವು ವಕೀಲರಲ್ವಾ? ಎಂಡೋಸಲ್ಫಾನ್ ಕೀಟನಾಶಕವನ್ನು 2011ರಲ್ಲಿ ವಿಷರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿಸಿದ್ದಲ್ವಾ? ಪಾರ್ಲಿಮೆಂಟು ಅದನ್ನು ಹಿಡಿದು ಒಂದು ಕಾನೂನು ಮಾಡಿ, ಹಿಂದೆ ನಮ್ಮ ಗೇರು ತೋಟಗಳಿಗೆ ಅದನ್ನು ಸಿಂಪಡಿಸಿದವರನ್ನೆಲ್ಲ ಜೈಲಿಗೆ ಹಾಕ್ಲಿಕ್ಕೆ ಆಗುದಿಲ್ವಾ?"

ಆಗುವುದಿಲ್ಲ ಅಂದೆ. ಅವನ ಮುಖ ಸಣ್ಣದಾಯಿತು. ಅವನ ಚಿಕ್ಕಪ್ಪ ಹಾಸಿಗೆ ಹಿಡಿದು ವರ್ಷಗಳೇ ಆದವು. ಬಸ್ಸು ಬಂದುಬಿಟ್ಟಿತು, ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಂವಿಧಾನದ 253ನೇ ವಿಧಿ ಸಣ್ಣದಲ್ಲ. ವಿದೇಶಗಳ ಜೊತೆ ಮಾಡಿಕೊಂಡ ಒಪ್ಪಂದವನ್ನು ಜಾರಿಗೆ ತರುವುದಕ್ಕೆ ಪಾರ್ಲಿಮೆಂಟು ರಾಜ್ಯಪಟ್ಟಿಯ ವಿಷಯಗಳ ಮೇಲೂ ಕಾನೂನು ಮಾಡಬಹುದು. 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದೇ 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದ ನಿರ್ಣಯಗಳ ಹೆಸರಿನಲ್ಲಿ. ಆದರೆ 253 ದಾಟಿಸುವುದು ಕೇಂದ್ರ ಮತ್ತು ರಾಜ್ಯದ ನಡುವಿನ ಬೇಲಿಯನ್ನು, ಮೂಲಭೂತ ಹಕ್ಕುಗಳ ಬೇಲಿಯನ್ನಲ್ಲ. ಮಾಡಿದ ದಿನ ಅಪರಾಧವಲ್ಲದ ಕೆಲಸಕ್ಕೆ ಆಮೇಲೆ ಕಾನೂನು ತಂದು ಶಿಕ್ಷೆ ಕೊಡಬಾರದು ಅನ್ನುತ್ತದೆ ಸಂವಿಧಾನದ 20(1)ನೇ ವಿಧಿ. ನಮ್ಮ ಸಂಕಟ ಎಷ್ಟೇ ದೊಡ್ಡದಾದರೂ ಅದನ್ನು ಸಡಿಲಿಸಬಾರದು. ಇವತ್ತು ನಮಗಾಗಿ ಸಡಿಲಿಸಿದರೆ ನಾಳೆ ನಮ್ಮ ಮೇಲೆಯೇ ಪ್ರಯೋಗವಾದೀತು.

ಒಪ್ಪಂದದ ಕಾನೂನನ್ನು ಹಿಗ್ಗಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಅಮೆರಿಕದಲ್ಲಿ ಒಬ್ಬ ಹೆಂಗಸು ಗಂಡನ ಜೊತೆ ಸಂಬಂಧವಿದ್ದ ಗೆಳತಿಯ ಮನೆಬಾಗಿಲಿನ ಹಿಡಿಗೆ, ಕಾರಿಗೆ, ಅಂಚೆಪೆಟ್ಟಿಗೆಗೆ ವಿಷದ ರಾಸಾಯನಿಕ ಹಚ್ಚಿದಳು. ಗೆಳತಿಯ ಹೆಬ್ಬೆರಳು ಸ್ವಲ್ಪ ಸುಟ್ಟಿತು, ಅಷ್ಟೆ. ಸರಕಾರ ಕೇಸು ಹಾಕಿದ್ದು ರಾಸಾಯನಿಕ ಅಸ್ತ್ರ ಒಪ್ಪಂದದ ಕಾನೂನಿನಡಿ, ಸಿಕ್ಕಿದ್ದು ಆರು ವರ್ಷ ಜೈಲು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನು ಇಂಥ ಊರಜಗಳಕ್ಕೆ ತಾಗುವುದಿಲ್ಲ ಅಂದಿತು. ಸರಿಯಾದ ತೀರ್ಪು.

ನಾನು ಸಣ್ಣವಳಿದ್ದಾಗ, ಎಂಡೋಸಲ್ಫಾನ್ ಸಿಂಪಡಿಸುವ ಹೆಲಿಕಾಪ್ಟರ್ ಸದ್ದು ಕೇಳಿದರೆ ಅಮ್ಮ ಬಾವಿಗೆ ತೆಂಗಿನ ಮಡಲು ಹಾಸಲು ಓಡುತ್ತಿದ್ದರು. ಹಿಂದೆ ನಾನು, ಕೈಯಲ್ಲಿ ಇನ್ನೊಂದು ಮಡಲು. ಮಡಲಿನ ಸಂದಿಯಲ್ಲಿ ನೀರು ಕಾಣುತ್ತಿತ್ತು. ಗೇರು ತೋಟದ ಮೇಲಿನ ಆ ಸಿಂಪರಣೆ 1970ರ ದಶಕದ ಕೊನೆಯಿಂದ 2000ದವರೆಗೂ ನಡೆಯಿತು.

ಆಗ ಕಾನೂನೇ ಇರಲಿಲ್ಲವೇ? 1968ರ ಕೀಟನಾಶಕ ಕಾಯ್ದೆ ಇತ್ತು, 1986ರದ್ದೂ ಬಂದಿತ್ತು. ಹಾಗಾಗಿ ಹಿಂದಿನದಕ್ಕೆ ಹೊಸ ಅಪರಾಧ ಹುಡುಕುವ ಬದಲು, ಆಗ ಇದ್ದ ಕಾನೂನನ್ನು ಯಾಕೆ ಯಾರೂ ಕೈಗೆತ್ತಿಕೊಳ್ಳಲಿಲ್ಲ ಎಂದು ಕೇಳಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂದಿತು. ಅದು ಪರಿಹಾರ, ಶಿಕ್ಷೆಯಲ್ಲ.

ನನ್ನ ಸಿಟ್ಟು ಇರುವುದು 2023ರ ಜನ ವಿಶ್ವಾಸ ಕಾಯ್ದೆಯ ಮೇಲೆ. ಪರಿಸರ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿದ್ದ ಐದು ವರ್ಷದವರೆಗಿನ ಜೈಲನ್ನು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿಯ ದಂಡ ಇಟ್ಟರು. ದೊಡ್ಡ ಕಂಪನಿಗೆ 15 ಲಕ್ಷ ಯಾವ ಲೆಕ್ಕ? ಮುಂದಿನ ವಿಷಕ್ಕಾದರೂ ಆ ಜೈಲು ವಾಪಸ್ ಬರಬೇಕು, ಅದಕ್ಕೆ ಸಂವಿಧಾನದಲ್ಲಿ ಯಾವ ಅಡ್ಡಿಯೂ ಇಲ್ಲ. ಸಂಸದರಿಗೆ ಮನವಿ ಬರೆಯುತ್ತಿದ್ದೇನೆ. ಮೊದಲ ಸಹಿ ತನ್ನದು ಅಂದಿದ್ದಾನೆ ಹುಡುಗ.