ಒಂದೇ ಕಾರು, ಮೂರು ಬೇರಿಂಗ್, ಮೂರು ಆಯಸ್ಸು

ಕಾರಿನ ವೀಲ್ ಬೇರಿಂಗ್, ಅಂದರೆ ಗಾಲಿ ಸರಾಗವಾಗಿ ತಿರುಗಲೆಂದು ಅದರ ನಡುವೆ ಕೂರಿಸುವ ಗುಂಡುಗಳ ಉಂಗುರ, ಎಷ್ಟು ದಿನ ಬಾಳುತ್ತದೆ ಎಂದು ಯಾವ ಗ್ಯಾರೇಜಿನಲ್ಲಿ ಕೇಳಿದರೂ ಒಂದೇ ಉತ್ತರ: ‘ಒಂದು ಲಕ್ಷ ಕಿಲೋಮೀಟರ್ ಬರುತ್ತದೆ ಸರ್.’ ನನ್ನ ಕಾರಿನ ಲೆಕ್ಕ ಕೇಳಿ. ಮುಂದಿನ ಎಡಗಾಲಿಯ ಬೇರಿಂಗ್ 92,000ಕ್ಕೆ ಹೋಯಿತು. ಅದರ ಜಾಗಕ್ಕೆ ಹಾಕಿಸಿದ ಹೊಚ್ಚ ಹೊಸದು 9,000 ಕಿ.ಮೀ.ಗೇ ಕೈಕೊಟ್ಟಿತು. ಕಾರಿನ ಜೊತೆಗೇ ಬಂದ ಬಲಗಾಲಿಯದು 1,39,000 ದಾಟಿಯೂ ಸದ್ದಿಲ್ಲದೆ ತಿರುಗುತ್ತಿದೆ. ಓಡಿಸುವವನು ಒಬ್ಬನೇ, ಓಡುವ ರಸ್ತೆಯೂ ಒಂದೇ. ಹೀಗಿರುವಾಗ ಆ ಒಂದು ಲಕ್ಷದ ಲೆಕ್ಕವನ್ನು ನಾನು ಹೇಗೆ ನಂಬಲಿ?

ನಾನು ದಿನವೂ ಬಳ್ಳಾರಿಯಿಂದ ಕುಡುತಿನಿ ಮೇಲೆ ತೋರಣಗಲ್ಲಿಗೆ ಹೋಗಿಬರುತ್ತೇನೆ. ಅದಿರಿನ ಲಾರಿ ಎದುರಾದಾಗಲೆಲ್ಲ ಎಡಗಡೆಯ ಗಾಲಿಯನ್ನು ಡಾಂಬರಿನಿಂದ ಕೆಳಗಿಳಿಸಲೇಬೇಕು. ಒಡೆದ ಅಂಚು, ಗುಂಡಿ, ಮಳೆಗಾಲದ ಕೆಸರು ಎಲ್ಲವೂ ಮೊದಲು ತಟ್ಟುವುದು ಆ ಗಾಲಿಗೇ. ಇನ್ನು ನಮ್ಮ ಕೆಂಪು ದೂಳು. ಚಿನ್ನವನ್ನು ಉಜ್ಜಿ ಹೊಳಪು ಕೊಡುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡ್, ಸಂಡೂರಿನ ಅದಿರೂ ಕಬ್ಬಿಣದ ಆಕ್ಸೈಡ್. ಅಂಥ ಪುಡಿ ಬೇರಿಂಗಿನ ಬಾಯಿ ಮುಚ್ಚುವ ಸೀಲಿನ ಸಂದಿಯಿಂದ ಒಳನುಗ್ಗಿ ಗ್ರೀಸಿಗೆ ಸೇರಿದರೆ, ಗುಂಡುಗಳು ಉರುಳುವ ದಾರಿಯನ್ನೇ ಸವೆಸುತ್ತದೆ.

ಸಿರುಗುಪ್ಪದ ಕಡೆ ಟ್ರ್ಯಾಕ್ಟರ್ ಇಟ್ಟಿದ್ದ ಅಪ್ಪ ಸುಗ್ಗಿಗೆ ಮುಂಚೆ ಮುಂಗಾಲಿ ಬಿಚ್ಚಿ, ಬೇರಿಂಗ್ ತೊಳೆದು, ಹೊಸ ಗ್ರೀಸ್ ತುಂಬುತ್ತಿದ್ದರು. ಎತ್ತಿನ ಬಂಡಿಗೆ ಕೀಲೆಣ್ಣೆ ಹಾಕುತ್ತಿದ್ದ ಶ್ರದ್ಧೆಯೇ ಅದು. ಈಗಿನ ಕಾರುಗಳ ಬೇರಿಂಗಿಗೆ ಆ ಉಪಚಾರ ಇಲ್ಲ. ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿರುತ್ತಾರೆ. ಸೀಲ್ ಹರಿಯಿತೆಂದರೆ ಅದರ ಕಥೆ ಮುಗಿಯಿತು. ಆದ್ದರಿಂದಲೇ ಕಾರು ತೊಳೆಯುವವರು ಒತ್ತಡದ ನೀರನ್ನು ಗಾಲಿಯ ನಡುವಿಗೇ ಹಿಡಿದಾಗ ನಾನು ಕೂಗಿ ತಡೆಯುತ್ತೇನೆ.

ಮೊದಲ ಸಲ ಸದ್ದು ಬಂದಾಗ ಟೈರ್ ಎಂದೇ ಭಾವಿಸಿದ್ದೆ. ಐವತ್ತರ ವೇಗ ದಾಟಿದರೆ ಗುಂಯ್ ಎನ್ನುವ ಮೊರೆತ, ವೇಗ ಏರಿದಂತೆ ಅದೂ ಏರುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಅಪ್ಪ, ‘ಇದು ಟೈರ್ ಅಲ್ಲಪ್ಪ, ಬಲಕ್ಕೆ ತಿರುಗಿಸಿದಾಗ ಹೆಚ್ಚಾಗುತ್ತಿದೆ ನೋಡು’ ಎಂದರು. ಅವರ ಮಾತು ನಿಜವಾಗಿತ್ತು. ಕಾರು ಬಲಕ್ಕೆ ತಿರುಗುವಾಗ ಭಾರ ಎಡಗಾಲಿಯ ಮೇಲೆ ಬೀಳುತ್ತದೆ, ಹಾಳಾದ ಎಡ ಬೇರಿಂಗ್ ಇನ್ನಷ್ಟು ಮೊರೆಯುತ್ತದೆ. ಟೈರಿನ ಸದ್ದಾದರೆ ಡಾಂಬರಿನಿಂದ ಕಾಂಕ್ರೀಟಿಗೆ ಬಂದ ಕೂಡಲೇ ಬದಲಾಗುತ್ತದೆ. ಬೇರಿಂಗಿನ ಸದ್ದಿಗೆ ಯಾವ ರಸ್ತೆಯಾದರೂ ಒಂದೇ. ಇನ್ನೂ ಅನುಮಾನವಿದ್ದರೆ ಗಾಲಿಯನ್ನು ಜಾಕ್ ಮೇಲೆ ಎತ್ತಿಸಿ, ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತ ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲಿಡಿ. ಸವೆದ ಬೇರಿಂಗಿನ ಜರಜರ ಅಂಗೈಗೆ ತಿಳಿಯುತ್ತದೆ.

ನನಗೆ ಇಂದಿಗೂ ಸಿಟ್ಟು ಬರುವುದು ಎರಡನೆಯ ಬೇರಿಂಗಿನ ವಿಷಯದಲ್ಲಿ. ಹೆಸರಾಂತ ಕಂಪನಿಯ ಅಸಲಿ ಮಾಲನ್ನು ನಾನೇ ತಂದುಕೊಟ್ಟಿದ್ದೆ. ಗ್ಯಾರೇಜಿನವರು ನನ್ನ ಕಣ್ಣೆದುರೇ ಸುತ್ತಿಗೆಯಿಂದ ಬಡಿದು ಕೂರಿಸಿದರು. ಅದು ತಪ್ಪೆಂದು ಆಗ ನನಗೆ ಗೊತ್ತಿರಲಿಲ್ಲ. ಬೇರಿಂಗನ್ನು, ಅದನ್ನು ಹಿಡಿದಿಡುವ ಲೋಹದ ತುಂಡಾದ ನಕಲ್‌ನೊಳಗೆ ಕೂರಿಸುವಾಗ ಒತ್ತಡ ಹೊರಗಿನ ಉಂಗುರದ ಮೇಲಷ್ಟೇ ಬೀಳಬೇಕು. ಗಾಲಿಯನ್ನು ಬಿಗಿಯುವ ಹಬ್ ಕೂರಿಸುವಾಗ ಒಳಗಿನ ಉಂಗುರಕ್ಕೆ ಆಧಾರ ಕೊಡಬೇಕು. ಪೆಟ್ಟು ಗುಂಡುಗಳ ಮೂಲಕ ಹಾದುಹೋದರೆ ಅವು ಉರುಳುವ ದಾರಿಯಲ್ಲಿ ಸಣ್ಣ ಸಣ್ಣ ತಗ್ಗುಗಳು ಮೂಡುತ್ತವೆ. ಹೊಸ ಬೇರಿಂಗ್ ರಸ್ತೆಗಿಳಿಯುವ ಮೊದಲೇ ಗಾಯಗೊಂಡಿರುತ್ತದೆ. ಗಾಲಿಯ ನಡುವಿನ ಆಕ್ಸಲ್ ನಟ್ಟನ್ನೂ ಅಂದಾಜಿನಲ್ಲಿ ಬಿಗಿದರು, ಅದೂ ಹಳೆಯ ನಟ್ಟನ್ನೇ. ಆ ನಟ್ಟಿಗೆ ಕಂಪನಿ ಹೇಳಿದ ಅಳತೆಯ ಬಿಗಿತವಿದೆ, ಅದನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು.

ಎಡಗಾಲಿಗೆ ಮೂರನೆಯದನ್ನು ಹಾಕಿಸುವಾಗ ನಕಲ್ ಬಿಚ್ಚಿಸಿ ಲೇಥ್ ಅಂಗಡಿಯ ಹೈಡ್ರಾಲಿಕ್ ಪ್ರೆಸ್ಸಿಗೆ ನಾನೇ ಹೊತ್ತುಕೊಂಡು ಹೋದೆ. ಅರ್ಧ ದಿನ ಹೋಯಿತು, ಹೋಗಲಿ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಅನೇಕ ಕಾರುಗಳಲ್ಲಿ ಗಾಲಿಯ ವೇಗ ತಿಳಿಯಲು ಬೇರಿಂಗಿನ ಒಂದು ಮುಖದಲ್ಲಿ ಕಾಂತದ ಪಟ್ಟಿ ಇರುತ್ತದೆ. ತಿರುಗುಮುರುಗಾಗಿ ಕೂರಿಸಿದರೆ ಎಬಿಎಸ್ ದೀಪ ಹೊತ್ತಿಕೊಳ್ಳುತ್ತದೆ. ಅದನ್ನೂ ಪಕ್ಕದಲ್ಲೇ ನಿಂತು ನೋಡಿಕೊಂಡೆ.

‘ಎರಡೂ ಕಡೆ ಹಾಕಿಸಿಬಿಡಿ ಸರ್’ ಎಂದರು ಗ್ಯಾರೇಜಿನವರು. ಬೇಡ ಎಂದೆ. ಸದ್ದಿಲ್ಲದ, ಅಲುಗಾಡದ ಬೇರಿಂಗನ್ನು ಯಾಕೆ ಕೀಳಬೇಕು? ಆದರೆ ಮೊರೆಯತೊಡಗಿದ್ದನ್ನು ‘ಇನ್ನೂ ಓಡುತ್ತದೆ’ ಎಂದು ಬಿಡುವುದನ್ನು ನಾನು ಒಪ್ಪುವುದಿಲ್ಲ. ಸದ್ದು ಕೇಳಿದ ವಾರದಲ್ಲೇ ತೋರಿಸಿ. ಜಾಕ್ ಮೇಲಿನ ಗಾಲಿಯ ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಬೇರಿಂಗ್ ಸಡಿಲವಾಗಿರುವುದು ಕಂಡರೆ ಕಾರನ್ನು ಅಲ್ಲಿಂದ ಓಡಿಸಲೇಬೇಡಿ. ಗಾಲಿ ತೂಗಾಡಿದರೆ ಅದರ ಜೊತೆ ತಿರುಗುವ ಡಿಸ್ಕೂ ಅಲುಗಿ ಬ್ರೇಕ್ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ, ಬ್ರೇಕ್ ಪೆಡಲ್ ಒತ್ತಿದಾಗ ಆಳಕ್ಕೆ ಇಳಿಯುತ್ತದೆ. ಹಿಂದೆ ಅದಿರಿನ ಲಾರಿ ಬರುತ್ತಿರುವಾಗ ಅದನ್ನು ನೆನೆದರೇ ಎದೆ ಝಲ್ಲೆನ್ನುತ್ತದೆ.

ಲೇಥ್ ಅಂಗಡಿಯಲ್ಲಿ ಕೂರಿಸಿದ ಆ ಬೇರಿಂಗ್ ಈಗ 38,000 ಕಿ.ಮೀ. ಓಡಿದೆ. ಟೈರ್ ಬಿಚ್ಚಿಸಿದಾಗಲೆಲ್ಲ ಎರಡೂ ಕಡೆಯ ಸ್ಪ್ರಿಂಗ್ ಮುಟ್ಟಿ ನೋಡುತ್ತೇನೆ. ಹೋದ ವಾರವೂ ನೋಡಿದೆ. ಎರಡೂ ನುಣ್ಣಗೆ ತಿರುಗುತ್ತಿವೆ.